ಬೋಡುಬಾಯಿಯ ಮಾತು

ಕಣಕಟ್ಟೆಯ ಅಂಕಮ್ಮ ಬಾವಿಕಟ್ಟೆಯಲ್ಲಿ ಜಾರಿಬಿದ್ದು ಹಲ್ಲು ಕಳೆದುಕೊಂಡಳು ಅಂತ ಊರೆಲ್ಲ ಹೇಳುತ್ತಿತ್ತು. ಊರಿಗೇನು, ಹೇಳಿಕೊಟ್ಟದ್ದನ್ನು ಹೇಳುತ್ತದೆ. ಆ ಬಾವಿಕಟ್ಟೆಗೆ ಪಾಚಿ ಕಟ್ಟಿದ್ದನ್ನು ಕಂಡವರು ಯಾರೂ ಇಲ್ಲ. ಹಲ್ಲು ಹೋದದ್ದು ಅವಳ ಗಂಡ ದೊಡ್ಡಬೀರಪ್ಪ ಬೀಸಿದ ಹಿತ್ತಾಳೆ ಚೊಂಬಿನ ಏಟಿಗೆ. ಮುದ್ದೆ ಆರಿಹೋಗಿತ್ತಂತೆ! ಮುದ್ದೆ ಆರುವುದಕ್ಕೂ ಹೆಂಡತಿಯ ಹಲ್ಲಿಗೂ ಏನಪ್ಪಾ ಸಂಬಂಧ ಅಂತ ಕೇಳುವ ಗಂಡಸು ಆ ಮನೆಯಲ್ಲಿ ಇರಲಿಲ್ಲ, ಹೆಂಗಸರಿಗೆ ಕೇಳುವ ಧೈರ್ಯ ಇರಲಿಲ್ಲ. ಅವತ್ತು ಮುಂದಿನ ನಾಲ್ಕು ಹೋದವು. ಮೇಲಿನ ಸಾಲಿನಲ್ಲಿ ಉಳಿದವು ಅಲುಗಾಡಿ, ಕೀವಾಗಿ, ಒಂದರ ಹಿಂದೆ ಒಂದು ತಾವಾಗಿಯೇ ಉದುರಿದವು. ತಿಮ್ಮಕ್ಕ, ಅವಳ ಒಬ್ಬಳೇ ಮಗಳು, ಲಂಗ ಉಡುವ ಹೊತ್ತಿಗೆ ಅಂಕಮ್ಮನದು ಬೋಡುಬಾಯಿ.

ಅದಕ್ಕಾಗಿ ಅವಳು ಅತ್ತವಳಲ್ಲ. ಮುದ್ದೆ ನುಂಗುವವರಿಗೆ ಹಲ್ಲು ಯಾಕೆ? ಬಾಯಿಗೆ ಸೆರಗು ಅಡ್ಡ ಹಿಡಿದು ಸಂಸಾರ ಮಾಡಿದಳು, ತೆಂಗಿನ ತೋಟ ನೋಡಿದಳು, ಕೊಬ್ಬರಿ ಸುಲಿಸಿದಳು. ಎರಡನೇ ಮಹಾಯುದ್ಧ ಮುಗಿದ ಮರುವರ್ಷ ದೊಡ್ಡಬೀರಪ್ಪ ಊಟಕ್ಕೆ ಕೂತವನು, “ತಿಮ್ಮೀನ ನಮ್ಮಕ್ಕನ ಮಗಂಗೆ ಕೊಡದು ಅಂತ ಮಾಡಿವ್ನಿ. ಬರೋ ತಿಂಗ್ಳು ವೀಳ್ಯ,” ಅಂದಾಗ ಮಾತ್ರ ಅವಳ ಕೈಯಲ್ಲಿದ್ದ ಸೌಟು ಸಾರಿನೊಳಕ್ಕೆ ಜಾರಿತು.

ಅಕ್ಕ ಅಂದರೆ ಬೇಲೂರು ಕಡೆಯ ಮಾದಿಹಳ್ಳಿಯ ರುದ್ರಮ್ಮ. ಮಗ ದೇವೀರಪ್ಪ. ನೋಡಲು ಲಕ್ಷಣವಾದ ಹುಡುಗ, ನೀರಾವರಿ ಗದ್ದೆ, ಕೊಟ್ಟಿಗೆ ತುಂಬ ದನ. ಯಾರಿಗೆ ಬೇಡ? ಆದರೆ ಹೋದ ವರ್ಷ ಅಂಕಮ್ಮ ಆ ಮನೆಯಲ್ಲಿ ಒಂದು ಮಧ್ಯಾಹ್ನ ಕಂಡದ್ದನ್ನು ಕಂಡಿದ್ದಳು. ಗದ್ದೆಯಿಂದ ಬಂದ ದೇವೀರಪ್ಪ ತಟ್ಟೆಗೆ ಕೈಯಿಟ್ಟು ನೋಡಿದ, ಮುದ್ದೆ ಆರಿತ್ತು, ಪಕ್ಕದಲ್ಲಿದ್ದ ಚೊಂಬನ್ನು ಎತ್ತಿ ಹೆತ್ತ ತಾಯಿಯ ಮುಖಕ್ಕೇ ಬೀಸಿದ. ಥೇಟು ಸೋದರಮಾವನ ಕೈ! ಏಟು ಕೆನ್ನೆಗೆ ತಾಗಿತು. ರುದ್ರಮ್ಮ ಕೆನ್ನೆ ಹಿಡಿದುಕೊಂಡೇ ಒಳಗೆ ಹೋಗಿ ಬಿಸಿಮುದ್ದೆ ತಂದಳು. ಆಮೇಲೆ ಹಿತ್ತಿಲಲ್ಲಿ, ನಾಚಿಕೆಯೇ ಇಲ್ಲದೆ ಅಂಕಮ್ಮನಿಗೆ ಹೇಳಿದಳು: “ಗಂಡ್ಸಲ್ವಾ ಅಂಕೀ, ಕ್ವಾಪ ಇರ್ತೈತೆ. ಬ್ಯಾಗ ಒಬ್ಳು ಸೊಸೆ ಅಂತ ಬಂದ್ಬುಟ್ರೆ ನನ್ ಬೆನ್ನಿಗೂ ಒಸಿ ಬುಡುವು ಸಿಕ್ತೈತೆ.”

ಆ ಬಿಡುವಿಗೆ ಬೇಕಾಗಿದ್ದ ಬೆನ್ನು ತನ್ನ ಮಗಳದು ಅಂತ ಅಂಕಮ್ಮನಿಗೆ ಈಗ ಗೊತ್ತಾಯಿತು.

ಗಂಡನ ಎದುರು ಬೇಡ ಅಂದು ಪ್ರಯೋಜನವಿಲ್ಲ, ಅದಕ್ಕೆ ಅವಳ ದವಡೆಯೇ ಸಾಕ್ಷಿ. ಆದರೆ ಅವರ ಕುಲದಲ್ಲಿ ಒಂದು ಕಟ್ಟಳೆ ಇತ್ತು. ವೀಳ್ಯದ ದಿನ ಹೆಣ್ಣಿನ ತಾಯಿ ಕುಲಸ್ಥರ ಎದುರು ಚಾಪೆಯ ಮೇಲೆ ಕೂರಬೇಕು. ಗಂಡಿನ ಕಡೆಯವರು ತಂದ ಎಲೆ ಅಡಿಕೆಯನ್ನು ಅಗಿದು, ಬಾಯಿ ಕೆಂಪು ಮಾಡಿಕೊಂಡು, “ಕೊಟ್ಟೆ” ಅನ್ನಬೇಕು. ಅವಳು ಅನ್ನುವವರೆಗೆ ಹೆಣ್ಣು ಕೊಟ್ಟಂತಲ್ಲ. “ಕೊಡೆ” ಅಂದರೆ ಬಂದವರು ಎದ್ದು ಎಲೆ ಅಡಿಕೆ ಕಟ್ಟಿಕೊಂಡು ಹೋಗಬೇಕು, ಮರುಮಾತಿಲ್ಲ. ಅಂಕಮ್ಮನ ಅಜ್ಜಿಯ ಕಾಲದಲ್ಲಿ ಒಬ್ಬಾಕೆ ಹಾಗೆ ಅಂದೂ ಇದ್ದಳು, ಬಂದವರು ಹೋಗಿಯೂ ಇದ್ದರು. ಗಂಡಸರ ಕಟ್ಟಳೆಗಳಲ್ಲಿ ಹೆಂಗಸಿಗೆ ಅಂತ ಬಿಟ್ಟ ಕಿಂಡಿ ಅದೊಂದೇ. ಆ ಕಿಂಡಿಗೂ ಒಂದು ಅಗುಳಿ ಇತ್ತು ನೋಡಿ: ಬೋಡುಬಾಯಲ್ಲಿ ಆಡಿದ ಮಾತು ನಿಲ್ಲುವುದಿಲ್ಲ. ಅಡಿಕೆ ಕಡಿಯಲಾರದ ತಾಯಿಗೆ ಬದಲಾಗಿ ದೊಡ್ಡಮ್ಮನೋ ಚಿಕ್ಕಮ್ಮನೋ ಕೂರುತ್ತಾರೆ. ಅಂದರೆ ಓರಗಿತ್ತಿ ಕೆಂಪಲಕ್ಷ್ಮಮ್ಮ ಕೂರುತ್ತಾಳೆ. ಅವಳೋ, ದೊಡ್ಡಬೀರಪ್ಪ ಸೀನಿದರೆ ನೂರು ವರ್ಷ ಆಯಸ್ಸು ಅನ್ನುವವಳು.

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತ ಗಾದೆ. ಅಂಕಮ್ಮ ಗಾದೆಗೆ ತಲೆಬಾಗಲಿಲ್ಲ. ಗಂಡ ಎಲೆಗೆ ಸುಣ್ಣ ಹಚ್ಚುತ್ತ ಖುಷಿಯಲ್ಲಿದ್ದ ಹೊತ್ತು ನೋಡಿ, “ಬೇಲೂರು ಕಡೆಯೋರೆಲ್ಲ ಬತ್ತಾರೆ. ನಿಮ್ಮೆಂಡ್ತಿ ಬಾಯಿ ಯಾಕಿಂಗಾಯ್ತು ಅಂತ ಕೇಳಿದ್ರೆ ನಿಮ್ಗೇ ಒಂಥರಾ ಅಲ್ವ್ರಾ? ಅರಸೀಕೆರೇಲಿ ಹಲ್ ಕಟ್ಟಿಕೊಡೋರು ಬಂದವ್ರಂತೆ,” ಅಂದಳು. ದೊಡ್ಡಬೀರಪ್ಪ ಸುಣ್ಣದ ಬೆರಳನ್ನು ಕಂಬಕ್ಕೆ ಒರೆಸಿ ಯೋಚಿಸಿದ. ಅವನಿಗೆ ಮರ್ಯಾದೆಯ ಮೇಲೆ ಪ್ರಾಣ. ಸರಿ, ಕಟ್ಟಿಸು ಅಂದ. ಅವಳ ಮನಸ್ಸಿನಲ್ಲಿ ಏನಿದೆ ಅಂತ ಅವನಿಗೆ ಹೊಳೆಯಲಿಲ್ಲ. ಹೊಡೆಯುವವರಿಗೆ ಅದೊಂದು ಕುರುಡು ಇರುತ್ತದೆ.

ಹಲ್ಲು ಕಟ್ಟುವವನ ಹೆಸರು ಗಂಗಾಧರಪ್ಪ. ಪಟಾಲಮ್ಮಿನಲ್ಲಿ ಹಲ್ಲಿನ ಡಾಕ್ಟರ ಕೈಕೆಳಗೆ ಕೆಲಸ ಕಲಿತು, ಯುದ್ಧ ಮುಗಿದ ಮೇಲೆ ಅರಸೀಕೆರೆ ಸ್ಟೇಷನ್ನಿನ ಹಿಂದೆ ಒಂದು ಕೋಣೆ ಹಿಡಿದಿದ್ದ. ಹಿಂದೆಲ್ಲ ಹಲ್ಲು ಕೂರಿಸುತ್ತಿದ್ದದ್ದು ರಬ್ಬರಿನ ಮೇಲೆ, ಬಾಯಿ ತೆರೆದರೆ ಇಟ್ಟಿಗೆ ಬಣ್ಣ. ಗಂಗಾಧರಪ್ಪನದು ಹೊಸ ಸಾಮಾನು, ವಸಡಿನ ಹಾಗೇ ಗುಲಾಬಿ. ಮೇಣದಲ್ಲಿ ಅಂಕಮ್ಮನ ದವಡೆಯ ಅಚ್ಚು ತೆಗೆದ. ಎರಡು ಸಲ ಬರಹೇಳಿ ಅಳತೆ ನೋಡಿದ. ಕೊನೆಯ ಸಲ ಬರಹೇಳಿದ್ದು ವೀಳ್ಯದ ಹಿಂದಿನ ದಿನ. ಬೆಂಗಳೂರಿಂದ ಸಾಮಾನು ಬರುವುದು ತಡವಾಗಿತ್ತು, ಅವನೇನು ಮಾಡಿಯಾನು.

ದೊಡ್ಡಬೀರಪ್ಪ ಕೊಬ್ಬರಿ ಮಂಡಿಗೆ ಹೊರಟವನು ಹೆಂಡತಿಯನ್ನು ಅಲ್ಲಿ ಇಳಿಸಿ, ಗಾಡಿಯಲ್ಲಿ ಕೂತೇ ಕೂಗಿದ: “ಯಾಪಾರ ಮುಗ್ಸ್ಕೊಂಡು ಬತ್ತೀನಿ. ಅಷ್ಟೊತ್ಗೆ ಆಗಿರ್ಬೇಕು. ಆಗ್ನಿಲ್ಲ ಅಂದ್ರೆ ಬೋಡುಬಾಯಲ್ಲೇ ಗಾಡಿ ಹತ್ತು, ನಾಳೆ ಕೆಂಪಲಕ್ಷ್ಮವ್ವ ಕೂತ್ಕತಾಳೆ.”

ಗಂಗಾಧರಪ್ಪ ಗುಲಾಬಿ ಬಣ್ಣದ ಪುಡಿಗೆ ಮೂಗಿಗೆ ರಾಚುವ ದ್ರವವನ್ನು ಹನಿಸಿ ಕಲಸಿದ. ಅದು ಚಪಾತಿ ಹಿಟ್ಟಿನ ಹದಕ್ಕೆ ಬಂದಾಗ ಹಲ್ಲು ಜೋಡಿಸಿಟ್ಟಿದ್ದ ಗಾರೆಯ ಅಚ್ಚಿಗೆ ತುಂಬಿ, ಹಿತ್ತಾಳೆಯ ಡಬ್ಬಿಯಲ್ಲಿ ಮುಚ್ಚಿ, ಕಬ್ಬಿಣದ ಚೌಕಟ್ಟಿಗೆ ಸಿಕ್ಕಿಸಿ, ತಿರುಪನ್ನು ತೋಳಿನ ನರ ಉಬ್ಬುವವರೆಗೆ ಬಿಗಿದ. ಸಂದಿನಿಂದ ಹೆಚ್ಚಿನ ಹಿಟ್ಟು ಹೊರಕ್ಕೆ ಒಸರಿತು. ಆಮೇಲೆ ಅಷ್ಟನ್ನೂ ನೀರಿನ ಪಾತ್ರೆಗೆ ಇಳಿಸಿ ಇದ್ದಿಲ ಒಲೆಯ ಮೇಲಿಟ್ಟ.

“ಅಷ್ಟೇನಾ? ಬೇಯ್ಸೋದಾ?” ಅಂದಳು ಅಂಕಮ್ಮ.

“ಬೇಯ್ಸೋದೇ ಅಕ್ಕಾ. ಆದ್ರೆ ನಿಮ್ಮ ಅಡಿಗೆ ಥರ ಅಲ್ಲ. ಈ ಪುಡೀಲಿ ಪೆರಾಕ್ಸೈಡ್ ಅಂತ ಒಂದು ಚಿಟಿಕೆ ಬೆರ್ಸಿರ್ತಾರೆ. ಕೆಲ್ಸ ಎಲ್ಲಾ ಅದರದ್ದೇ. ತಣ್ಣಗಿದ್ರೆ ಸುಮ್ನೆ ಬಿದ್ದಿರುತ್ತೆ. ಬೆಚ್ಚಗಾಯ್ತೋ, ಅದರ ನಡು ಮುರಿಯುತ್ತೆ. ಮುರಿದ ತುಂಡಿಗೆ ಒಂಟಿಯಾಗಿ ಇರಕ್ಕಾಗಲ್ಲ, ಪಕ್ಕದಲ್ಲಿರೋ ದ್ರವದ ಕಣವನ್ನ ಗಪ್ ಅಂತ ಹಿಡ್ಕೊಳ್ಳುತ್ತೆ. ಆ ಕಣ ಇನ್ನೊಂದನ್ನ ಹಿಡಿಯುತ್ತೆ, ಅದು ಮತ್ತೊಂದನ್ನ.” ಹೊರಗೆ ಯಾರ್ಡಿನಲ್ಲಿ ರೈಲು ಡಬ್ಬಿಗಳು ಢಣ್ ಅಂದವು. “ಅಗೋ, ಕೇಳಿಸ್ತಾ? ಇಂಜಿನ್ನು ಒಂದು ಡಬ್ಬಿಗೆ ಗುದ್ದಿ ಕೊಂಡಿ ಹಾಕೋ ಹಂಗೆ. ಒಂದಕ್ಕೊಂದು ಬೆಸೆದು ಬೆಸೆದು ನೀರಿನಂಗಿದ್ದದ್ದು ಕಲ್ಲಾಗುತ್ತೆ.”

“ಒಂದು ಮುರುದ್ರೆ ಇನ್ನೆಲ್ಲಾ ಗಟ್ಟಿ ಆಯ್ತದಾ?” ಅಂಕಮ್ಮ ಸೆರಗಿನ ಮರೆಯಲ್ಲೇ ನಕ್ಕಳು. “ನಮ್ಮನೇಲಿ ಮುರುದದ್ದು ಯಾವ್ದೂ ಏನ್ನೂ ಗಟ್ಟಿ ಮಾಡ್ನಿಲ್ಲ ಕಣಪ್ಪ.”

ಗಂಗಾಧರಪ್ಪ ಅವಳ ದವಡೆಯ ಅಚ್ಚು ತೆಗೆದವನು. ಬಾವಿಕಟ್ಟೆಯಲ್ಲಿ ಬಿದ್ದ ದವಡೆ ಹಾಗಿರುವುದಿಲ್ಲ ಅಂತ ಅವನಿಗೆ ಗೊತ್ತಿತ್ತು. “ಬೆಸೆಯೋವಾಗ ಅದಕ್ಕೇ ಒಳಗೆ ಕಾವು ಹುಟ್ಟುತ್ತೆ ಅಕ್ಕಾ,” ಅಂತ ಮುಂದುವರಿಸಿದ. “ಆ ಕಾವಿಗೆ ಹೊರಗಿನ ಕುದಿನೂ ಸೇರಿದ್ರೆ ಮುಗೀತು. ಇನ್ನೂ ಕೊಂಡಿಗೆ ಸಿಕ್ಕದ ದ್ರವ ಒಳಗೇ ಕುದ್ದುಬಿಡುತ್ತೆ. ತಿರುಪು ಎಷ್ಟು ಬಿಗಿದಿದ್ರೂ ಅಷ್ಟೇ, ಒಳಗೆಲ್ಲಾ ಗುಳ್ಳೆ. ಅದಕ್ಕೆ ನೀರು ಬಿಸಿಯಾಗಿರ್ಬೇಕು, ಕುದೀಬಾರ್ದು. ಕೊನೇಲಿ ನಾನೇ ಒಂದಿಷ್ಟು ಕುದಿಸ್ತೀನಿ.”

ಅಷ್ಟರಲ್ಲಿ ಸ್ಟೇಷನ್ನಿನಿಂದ ಜವಾನ ಬಂದ. ದೊಡ್ಡ ಸಾಹೇಬರೊಬ್ಬರು ರೈಲಿನಲ್ಲಿ ಹಲ್ಲುನೋವಿನಿಂದ ಒದ್ದಾಡುತ್ತಿದ್ದಾರೆ, ಈಗಿಂದೀಗ ಬರಬೇಕಂತೆ. ಗಂಗಾಧರಪ್ಪ ಚೀಲ ಹೆಗಲಿಗೇರಿಸಿದ. “ಅಕ್ಕಾ, ಒಲೆ ಹೆಂಗಿದೆಯೋ ಹಂಗೇ ಇರ್ಲಿ. ಏನೂ ಹಾಕ್ಬೇಡಿ,” ಅಂದು ಹೋದ.

ಅವಳು ಕೂತಳು. ಒಲೆಯ ಮುಂದೆ ಕೂರುವುದು ಅವಳಿಗೆ ಹೊಸದೇ? ಮದುವೆಯಾಗಿ ಬಂದಾಗಿನಿಂದ ಅದೇ ಅವಳ ಜಾಗ. ಆದರೆ ಈ ಒಲೆ ಅವಳ ಮನಸ್ಸಿಗೆ ಹಿಡಿಸಲಿಲ್ಲ. ನೀರು ಸುಮ್ಮನೆ ಹಬೆಯಾಡುತ್ತಿತ್ತು, ಒಂದು ಗುಳ್ಳೆ ಇಲ್ಲ, ಸದ್ದಿಲ್ಲ. ಇದ್ದಿಲಿನ ಮೇಲೆ ಬೂದಿ ಕಟ್ಟುತ್ತಿತ್ತು. ಎಸರು ಕುದಿಯದೆ ಹಿಟ್ಟು ಬೆಂದದ್ದನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಆ ಗಂಡಸಿಗೆ ಔಷಧಿ ಗೊತ್ತಿರಬಹುದು, ಒಲೆ ಏನು ಗೊತ್ತು? ಹೊರಗೆ ಗಾಡಿಯ ಸದ್ದಾದಾಗಲೆಲ್ಲ ಅವಳು ಬಾಗಿಲಿಗೆ ಹೋಗಿ ನೋಡಿ ಬರುತ್ತಿದ್ದಳು. ಮಂಡಿಯ ವ್ಯಾಪಾರ ಇಷ್ಟು ಹೊತ್ತಿಗೆ ಮುಗಿದಿರುತ್ತದೆ. ಅವನು ಬಂದುಬಿಟ್ಟರೆ? ಬೇಯದ ಹಲ್ಲನ್ನು ಡಬ್ಬಿಯಲ್ಲೇ ಬಿಟ್ಟು ಗಾಡಿ ಹತ್ತಬೇಕಾದರೆ? ನಾಳೆ ಕೆಂಪಲಕ್ಷ್ಮಿ ಬಾಯಿ ಕೆಂಪು ಮಾಡಿಕೊಂಡು ತಿಮ್ಮಿಯನ್ನು ಆ ಚೊಂಬಿನ ಮುಂದಕ್ಕೆ ತಳ್ಳಿದರೆ?

ಬಾಗಿಲ ಪಕ್ಕದಲ್ಲಿ ತೆಂಗಿನ ಚಿಪ್ಪಿನ ರಾಶಿ ಇತ್ತು. ಅರಸೀಕೆರೆಯಲ್ಲಿ ಅದಕ್ಕೇನು ಬರ. ಒಂದೇ ಒಂದು ಚಿಪ್ಪು ಹಾಕಿದಳು. ಆರುವ ಒಲೆಯನ್ನು ನೋಡಿಕೊಂಡು ಕೈಕಟ್ಟಿ ಕೂರಲು ಅವಳ ಜೀವಕ್ಕೆ ಬರುತ್ತಿರಲಿಲ್ಲ, ಒಲೆ ಆರಿ ಮುದ್ದೆ ತಣ್ಣಗಾದದ್ದಕ್ಕೇ ತಾನೆ ಅವಳ ಹಲ್ಲು ಹೋದದ್ದು. ಚಿಪ್ಪು ಎಣ್ಣೆ ಬಿಟ್ಟುಕೊಂಡು ಭಗ್ಗನೆ ಹತ್ತಿತು. ಇನ್ನೊಂದು ಹಾಕಿದಳು. ಆಮೇಲೆ ಬೊಗಸೆಯಲ್ಲಿ ಹಾಕಿದಳು. ನೀರು ತಳಮಳಿಸಿ, ಕುದಿದು, ಗಳಗಳ ಅಂತ ಪಾತ್ರೆಯ ಅಂಚು ಹಾರಿತು. ಡಬ್ಬಿ ಚೌಕಟ್ಟಿನೊಳಗೆ ಕಟಕಟ ಅಂದಿತು. ಈಗ ನೋಡು ಬೆಂಕಿ ಅಂದ್ರೆ, ಅಂದುಕೊಂಡಳು. ಆ ಹೊತ್ತಿನಲ್ಲಿ ಅವಳಿಗೆ ಎಷ್ಟು ಸಂತೋಷವಾಯಿತೋ ಅಷ್ಟು ಸಂತೋಷ ಅವಳಿಗೆ ವರ್ಷಗಳಿಂದ ಆಗಿರಲಿಲ್ಲ. ಅಯ್ಯೋ ತಾಯಿ! ಇಷ್ಟು ಹೊತ್ತು ಕಾದವಳಿಗೆ ಇನ್ನೊಂದಿಷ್ಟು ಕಾಯಲು ಏನಾಗಿತ್ತು?

ಗಂಗಾಧರಪ್ಪ ಬಾಗಿಲಲ್ಲಿ ನಿಂತು ಪಾತ್ರೆ ನೋಡಿದವನು ಚೀಲವನ್ನು ಅಲ್ಲೇ ಬಿಟ್ಟ. ಬೈಯಲಿಲ್ಲ. ಒಲೆಯಿಂದ ಇಳಿಸಿ, ಆರಲು ಬಿಟ್ಟು, ತಿರುಪು ಬಿಚ್ಚಿ ಗಾರೆ ಒಡೆದ. ಮುಂದಿನ ಹಲ್ಲುಗಳು ಮುತ್ತಿನ ಹಾಗೆ ಕೂತಿದ್ದವು. ಅದನ್ನು ಬೆಳಕಿಗೆ ಹಿಡಿದಾಗ ದಪ್ಪಗಿದ್ದ ಕಡೆಯೆಲ್ಲ ಒಳಗೆ ಬಿಳಿಬಿಳಿ ಗುಳ್ಳೆ ಕಂಡವು, ಬತ್ತಾಸಿನ ಹಾಗೆ.

“ಇದು ಆಗಲ್ಲ ಅಕ್ಕಾ. ಇನ್ನೊಂದು ಮಾಡ್ಬೇಕು.”

“ಯಾವಾಗ ಆಯ್ತದೆ?”

“ಸಾಮಾನು ತರಿಸ್ಬೇಕು. ಒಂದು ವಾರ ಹಿಡಿಯುತ್ತೆ.”

“ನಾಳೆ ಒಂದಿನ ತಡೀತದಾ, ಅದೇಳು.”

ಅವನು ಅವಳ ಮುಖ ನೋಡಿದ. “ಮಾತಾಡಿದ್ರೆ ತಡೆಯುತ್ತೆ. ಅನ್ನ ತಿಂದ್ರೂ ತಡೆಯುತ್ತೆ. ಅಡಿಕೆ ಮಾತ್ರ ಕಚ್ಚಬೇಡಿ.”

ಉಜ್ಜಿ ನುಣುಪು ಮಾಡಿ ಬಾಯಿಗೆ ಕೂರಿಸಿ ಕನ್ನಡಿ ಕೊಟ್ಟ. ಕನ್ನಡಿಯಲ್ಲಿ ಮದುವೆಗೆ ಮುಂಚಿನ ಒಬ್ಬಳು ಇದ್ದಳು. ಅಂಕಮ್ಮನಿಗೆ ದುಃಖ ಒತ್ತರಿಸಿ ಬಂತು. ಸೆರಗಿನಿಂದ ಕಣ್ಣೊರೆಸಿಕೊಂಡಳು, ಬಾಯನ್ನು ಮಾತ್ರ ಮುಚ್ಚಲಿಲ್ಲ. ಗಾಡಿ ತಂದ ದೊಡ್ಡಬೀರಪ್ಪ ಅವಳನ್ನು ನೋಡಿ, “ಪರವಾಗಿಲ್ವೇ!” ಅಂದ. ದಾರಿಯುದ್ದಕ್ಕೂ ಎರಡೆರಡು ಸಲ ತಿರುಗಿ ನೋಡಿದ. ಮುರಿದವನಿಗೆ ಜೋಡಿಸಿದ್ದನ್ನು ನೋಡುವ ಆಸೆ!

ಬೆಳಿಗ್ಗೆ ಅವಳು ಎಲ್ಲರಿಗಿಂತ ಮುಂಚೆ ಎದ್ದು, ಸತ್ತ ಅತ್ತೆಯ ಕುಟ್ಟಾಣಿ ಹುಡುಕಿ, ಅದರಲ್ಲಿ ಅಡಿಕೆಯನ್ನು ಹಿಟ್ಟಾಗುವಂತೆ ಕುಟ್ಟಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ತಿಮ್ಮಕ್ಕ ಪಕ್ಕದಲ್ಲಿ ತಲೆ ಬಾಚಿಕೊಳ್ಳುತ್ತಿದ್ದಳು. “ಅವ್ವಾ, ನೀನಂದಂಗೇ ಅಂತೀಯ ಅಲ್ವಾ?” ಅಂತ ಪಿಸುಗುಟ್ಟಿದಳು. “ಅಂತೀನಿ ಕಣವ್ವ. ಅದ್ಕೇ ಇಷ್ಟೆಲ್ಲಾ ಮಾಡ್ಸ್ಕಂಡಿರದು,” ಅಂದಳು ಅಂಕಮ್ಮ.

ನಡುಮನೆ ತುಂಬಿತು. ಮೇಲುಗಡೆ ಕುಲದ ಯಜಮಾನ ಜವರಣ್ಣ ಕೂತ. ಮಾದಿಹಳ್ಳಿಯವರು ತಟ್ಟೆ ಇಟ್ಟರು: ಎಲೆ, ಅಡಿಕೆ, ಕೊಬ್ಬರಿ, ಹೂವು. ದೇವೀರಪ್ಪ ಹೊಸ ಪಂಚೆಯಲ್ಲಿ ಮದುಮಗನ ಹಾಗೇ ಕೂತಿದ್ದ, ದೊಡ್ಡಬೀರಪ್ಪ ಅವನ ಬೆನ್ನು ತಟ್ಟುತ್ತಿದ್ದ. ಅಂಕಮ್ಮ ಚಾಪೆಯ ಮೇಲೆ ಕೂತಳು. ಹೆಂಗಸರೆಲ್ಲ ಅವಳ ಬಾಯಿಯನ್ನೇ ನೋಡಿದರು. ಅವಳು ತಟ್ಟೆಯಿಂದ ಎಲೆ ತೆಗೆದು ಸುಣ್ಣ ಸವರಿ, ಸೆರಗಿನ ಗಂಟಿಗೆ ಕೈ ಹಾಕಿದಳು.

“ಅದ್ಯಾಕೆ ಅಂಕೀ?” ರುದ್ರಮ್ಮ ಮುಂದೆ ಬಂದಳು. “ಮನೆ ಅಡ್ಕೆ ಆಗಕ್ಕಿಲ್ಲ. ನಾವು ತಂದಿರದನ್ನೇ ಹಾಕ್ಕಬೇಕು. ಆ ಅನ್ನು.” ತಟ್ಟೆಯಿಂದ ದಪ್ಪನೆಯ ಅಡಿಕೆ ಹೋಳೊಂದನ್ನು ಎತ್ತಿ ಅವಳ ಬಾಯಿಗೇ ಇಟ್ಟಳು.

ಅಂಕಮ್ಮ ಅಡಿಕೆಯನ್ನು ಕೆನ್ನೆಗೆ ಸರಿಸಿ ನೆಟ್ಟಗೆ ಕೂತಳು. “ಯಜಮಾನ್ರೇ, ನನ್ ಮಾತು ಕೇಳ್ಬುಡಿ...”

“ತಡಿಯವ್ವ,” ಅಂದ ಜವರಣ್ಣ. “ಮೊದ್ಲು ಬಾಯಿ ಕೆಂಪಾಗ್ಲಿ, ಆಮ್ಯಾಕೆ ಮಾತು.”

ಇಡೀ ನಡುಮನೆ ಕಾಯುತ್ತಿತ್ತು. ನಡುಬಾಗಿಲ ಹಿಂದೆ ತಿಮ್ಮಕ್ಕ ನಿಂತಿದ್ದಳು. ಎದುರಿಗೆ ದೇವೀರಪ್ಪ ಆಕಳಿಸಿದ. ಆ ಆಕಳಿಕೆಯನ್ನು ಅಂಕಮ್ಮ ಕಂಡಳು. ಅಡಿಕೆಯನ್ನು ಬಲಗಡೆಗೆ ತಂದು, ಮೆಲ್ಲಗೆ, ಇನ್ನೂ ಮೆಲ್ಲಗೆ ಒತ್ತಿದಳು. ಅದು ಜಗ್ಗಲಿಲ್ಲ. ಇನ್ನೊಂದು ಚೂರು ಒತ್ತಿದಳು.

ಟಕ್ ಅಂದಿತು. ಅಡಿಕೆಯಲ್ಲ.

ಹಲ್ಲಿನ ಸಾಲು ನಡುವಿಗೆ ಎರಡಾಗಿ, ಒಂದು ಹೋಳು ಉಗುಳಿನ ಜೊತೆ ತಟ್ಟೆಯ ಎಲೆಗಳ ಮೇಲೆ ಬಿತ್ತು. ಆಮೇಲೆ ಮೂಲೆಯಲ್ಲಿ ಯಾರೋ ಕಿಸಕ್ ಅಂದರು, ಅಷ್ಟೇ ಸಾಕಾಯಿತು. ಗಂಡಸರು ತೊಡೆ ಬಡಿದುಕೊಂಡು ನಕ್ಕರು. ಹೆಂಗಸರು ಸೆರಗಿನೊಳಗೆ ನಕ್ಕರು. ದೇವೀರಪ್ಪ ಎಲ್ಲರಿಗಿಂತ ಗಟ್ಟಿಯಾಗಿ ನಕ್ಕ.

ಅಂಕಮ್ಮ ಉಳಿದ ಹೋಳನ್ನೂ ಬಾಯಿಂದ ಕಿತ್ತು ಬಿಸಾಕಿ ಎದ್ದು ನಿಂತಳು. “ಕೊಡಕ್ಕಿಲ್ಲ! ನನ್ ಮಗ್ಳನ್ನ ನಾ ಕೊಡಕ್ಕಿಲ್ಲ! ಅವ್ನು ಹೆತ್ತವ್ವಂಗೇ ಚೊಂಬಲ್ಲಿ ಹೊಡ್ಯೋನು. ನನ್ ಹಲ್ಲು ಬಾವಿಕಟ್ಟೇಲಿ ಹೋಗ್ನಿಲ್ಲ, ಇವ್ರ ಕೈಲಿ ಹೋಯ್ತು! ಕೇಳುಸ್ತಾ ಎಲ್ರಿಗೂ?”

ಎಲ್ಲರಿಗೂ ಕೇಳಿಸಿತು. ಹಲ್ಲಿಲ್ಲದ ಬಾಯಿಂದ ಬಂದರೂ ಒಂದೊಂದು ಮಾತೂ ಸ್ಪಷ್ಟವಾಗಿಯೇ ಇತ್ತು. ನಗು ನಿಂತಿತು. ರುದ್ರಮ್ಮ ನೆಲ ನೋಡಿದಳು, ಅವಳ ಕೈ ಮಾತ್ರ ತಾನಾಗಿ ಕೆನ್ನೆಗೆ ಹೋಯಿತು. ಜವರಣ್ಣ ಕೆಮ್ಮಿ ಗಂಟಲು ಸರಿಮಾಡಿಕೊಂಡ.

“ಹಲ್ ಮುರುದೋದ ಸಿಟ್ಟಿಗೆ ಆಡ್ತಾವ್ಳೆ, ಬುಡ್ರಪ್ಪ,” ಅಂದ. “ಕಟ್ಟಳೆ ಕಟ್ಟಳೇನೇ. ಬೋಡುಬಾಯಿ ಮಾತು ನಿಲ್ಲಕ್ಕಿಲ್ಲ. ಕೆಂಪಲಕ್ಷ್ಮವ್ವಾ, ಬಾ, ನೀನ್ ಕೂತ್ಕೊ.”

ಕೆಂಪಲಕ್ಷ್ಮಮ್ಮ ಬಂದು ಕೂತಳು. ತಟ್ಟೆಯಲ್ಲಿ ಬಿದ್ದಿದ್ದ ಹೋಳನ್ನು ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟಳು. ಅವಳಿಗೆ ಮೂವತ್ತೆರಡು ಹಲ್ಲೂ ಇದ್ದವು, ಅಡಿಕೆ ಕಟಮ್ಮನೆ ಎರಡಾಯಿತು. “ಕೊಟ್ಟೆ,” ಅಂದಳು. ಅಂಕಮ್ಮ ನಡುಬಾಗಿಲ ಕಡೆ ತಿರುಗಿದಳು. ತಿಮ್ಮಕ್ಕ ಅಲ್ಲಿರಲಿಲ್ಲ.

ದೊಡ್ಡಬೀರಪ್ಪ ಅವತ್ತು ಅವಳ ಮೇಲೆ ಕೈ ಮಾಡಲಿಲ್ಲ. ಹೊಡೆಯುವಂಥದ್ದೇನೂ ಉಳಿದಿಲ್ಲ ಅಂತ ಅವನಿಗೂ ಗೊತ್ತಿತ್ತು.

ಮುಂದಿನ ವರ್ಷ ಕಾರ್ತೀಕದಲ್ಲಿ ಗಂಗಾಧರಪ್ಪನ ಕೋಣೆಯ ಬಾಗಿಲಲ್ಲಿ ಇಬ್ಬರು ಹೆಂಗಸರು ನಿಂತರು. ಇಬ್ಬರೂ ಸೆರಗನ್ನು ಬಾಯಿಗೆ ಅಡ್ಡ ಹಿಡಿದಿದ್ದರು. ಅವನು ಮೊದಲು ಅಂಕಮ್ಮನ ಗುರುತು ಹಿಡಿದ. “ಬನ್ನಿ ಅಕ್ಕಾ, ಆವತ್ತಿಂದ ಕಾಯ್ತಿದ್ದೆ. ಈ ಸಲ ನಿಮಗೆ ಗಟ್ಟಿಯಾಗಿ ಮಾಡಿಕೊಡ್ತೀನಿ,” ಅಂದ.

“ನನಗಲ್ಲ ಕಣಪ್ಪ,” ಅಂದಳು ಅಂಕಮ್ಮ. “ಇವ್ಳಿಗೆ.”

ತಿಮ್ಮಕ್ಕ ಸೆರಗು ಸರಿಸಿದಳು. ಮೇಲಿನ ಸಾಲಿನಲ್ಲಿ ಮುಂದಿನ ಎರಡು ಇರಲಿಲ್ಲ, ತುಟಿಯ ಗಾಯ ಇನ್ನೂ ಮಾಗಿರಲಿಲ್ಲ. ಅವಳಿಗೆ ತುಂಬಿದ ಬಸುರು. ಕೇಳುವ ಮೊದಲೇ ಅವಳು, “ಬಾವಿಕಟ್ಟೇಲಿ ಜಾರ್ಬುಟ್ಟೆ,” ಅಂದಳು.

ಗಂಗಾಧರಪ್ಪ ಹೂಂ ಅಂದು ಅಚ್ಚಿನ ಮೇಣ ಬಿಸಿಗಿಟ್ಟ. ಹಲ್ಲು ಬೇಯಿಸುವ ದಿನ ತಾಯಿ ಮಗಳು ಮತ್ತೆ ಬಂದರು. ಅವನು ತಿರುಪು ಬಿಗಿದು, ಡಬ್ಬಿಯನ್ನು ನೀರಿಗಿಳಿಸಿ, ಇದ್ದಿಲು ಹರಡಿದ. ಪಕ್ಕದ ಬೀದಿಯಿಂದ ಯಾರೋ ಕರೆದರು. ಅವನು ಹೋಗಲೋ ಬೇಡವೋ ಅಂತ ಬಾಗಿಲಲ್ಲೇ ನಿಂತು ಚಿಪ್ಪಿನ ರಾಶಿಯ ಕಡೆ ನೋಡಿದ.

“ಹೋಗಿ ಬಾರಪ್ಪ,” ಅಂದಳು ಅಂಕಮ್ಮ. ಎರಡೂ ಕೈಯನ್ನು ಮಡಿಲಲ್ಲಿ ಸೆರಗಿನಿಂದ ಸುತ್ತಿಕೊಂಡು ಒಲೆಯ ಮುಂದೆ ಕೂತಿದ್ದಳು. “ಈ ಸಲ ನಾ ಮುಟ್ಟಕ್ಕಿಲ್ಲ. ನಿಧಾನಕ್ಕೇ ಬೇಯ್ಲಿ, ಕಲ್ಲಾಗ್ಲಿ. ಮಿಕ್ಕವು ಹೋದಾಗ್ಲೂ ನಿನ್ತಾವೇ ಕರ್ಕಂಡ್ ಬತ್ತೀನಿ. ಇವ್ಳ ಹೊಟ್ಟೇಲಿರದು ಹೆಣ್ಣಾದ್ರೆ, ಅದ್ರ ವೀಳ್ಯದ ದಿನ ಇವ್ಳು ಅಡ್ಕೆ ಕಡೀಬೇಕು.”